ಕುಮಟೆಯ ಬೋರ್ಡು, ಭಟ್ಕಳದ ಬಸ್ಸು

ಹೋದ ತಿಂಗಳು ಒಂದು ಶನಿವಾರ ಹೊನ್ನಾವರದಲ್ಲಿ ಕುಮಟೆಯ ಬೋರ್ಡು ನೋಡಿ ಬಸ್ಸು ಹತ್ತಿದೆ. ಇಳಿದದ್ದು ಭಟ್ಕಳದಲ್ಲಿ.

ನಗಬೇಡಿ. (ನಮ್ಮ ಮನೆಯಲ್ಲಿ ನಕ್ಕು ಮುಗಿದಿದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಇನ್ನೂ ನಡೆದಿದೆ.) ಹೊನ್ನಾವರದಿಂದ ಕುಮಟೆ ಉತ್ತರಕ್ಕೆ, ಭಟ್ಕಳ ದಕ್ಷಿಣಕ್ಕೆ. ನಮ್ಮೂರು ಮಂಕಿ ಭಟ್ಕಳದ ದಾರಿಯಲ್ಲಿ. ವರ್ಷಾನುಗಟ್ಟಲೆ ಇದೇ ರಸ್ತೆಯಲ್ಲಿ ಓಡಾಡಿದ, ಮಂಕಿಯ ಮಕ್ಕಳಿಗೆ ಭೂಗೋಳ ಕಲಿಸುವ ಅಕ್ಕೋರಿಗೆ ದಿಕ್ಕು ತಪ್ಪಿದ್ದು ಹೇಗೆ?

ಓದಿನಿಂದ. ಖಂಡಿತ ಓದಿನಿಂದಲೇ.

ನಿಮಗೆ ಹೇಳಿರಲಿಲ್ಲ, ಈ ಆರು ತಿಂಗಳು ನಾನು ಮತ್ತೆ ವಿದ್ಯಾರ್ಥಿನಿಯಾಗಿದ್ದೆ. ದೂರದೇಶದ ಒಂದು ಯೂನಿವರ್ಸಿಟಿಯ ಆನ್‌ಲೈನ್ ಪಿಜಿ ಕೋರ್ಸು. ವಿಷಯ ಸೆಕೆಂಡರಿ ರಿಸರ್ಚ್. ಅಂದರೆ ನಾವೇ ಊರೂರು ತಿರುಗಿ, ಜನರನ್ನು ಮಾತಾಡಿಸಿ ಮಾಹಿತಿ ತರುವುದಲ್ಲ. ಬೇರೆಯವರು ಆಗಲೇ ಬರೆದಿಟ್ಟದ್ದನ್ನು ಹುಡುಕಿ, ಓದಿ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ತೂಗಿ ನೋಡುವುದು. ಪ್ರೊಫೆಸರು ಮೊದಲ ಮೇಲ್‌ನಲ್ಲೇ ಬರೆದಿದ್ದರು: ಈ ಕೋರ್ಸು ಮುಗಿಯುವವರೆಗೆ ಯಾರನ್ನೂ ಏನನ್ನೂ ಕೇಳಬೇಡಿ, ಹುಡುಕಿ.

ಹೇಳುವುದು ಸುಲಭ. ನಮ್ಮ ಕಡೆ ಯಾರಾದರೂ ಏನನ್ನಾದರೂ ಹುಡುಕುತ್ತಾರೆಯೇ? ಕೇಳುತ್ತಾರೆ. ಬಸ್ಸಿನ ಟೈಮು ಗೋಡೆಯ ಮೇಲೆ ಬರೆದಿರುತ್ತದೆ, ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತವರನ್ನು 'ಬಸ್ಸು ಎಷ್ಟೊತ್ತಿಗೆ?' ಎಂದು ಕೇಳುತ್ತೇವೆ. ಅವರಿಗೆ ಗೊತ್ತಿಲ್ಲದಿದ್ದರೆ ಅವರು ಇನ್ನೊಬ್ಬರನ್ನು ಕೇಳುತ್ತಾರೆ. ಅಷ್ಟರಲ್ಲಿ ಬಸ್ಸೇ ಬಂದಿರುತ್ತದೆ.

ಆದರೂ ನಾನು ಆ ಕೋರ್ಸಿಗೆ ಮರುಳಾಗಿದ್ದೆ. ವೆಬ್‌ಸೈಟ್ ತೆರೆದರೆ ಮೊದಲು ಒಂದು ಫೋಟೋ ಬರುತ್ತಿತ್ತು. ಉದ್ದನೆಯ ವಾಚನಾಲಯ, ಹಸಿರು ಗಾಜಿನ ಮೇಜಿನ ದೀಪ, ಕಿಟಕಿಯಾಚೆ ಹಳದಿ ಎಲೆಗಳ ಮರ. ದಿನಾ ಶಾಲೆ ಬಿಟ್ಟ ಮೇಲೆ ಹೋಗುತ್ತಿದ್ದ ಹೊನ್ನಾವರದ ಸೈಬರ್ ಕೆಫೆಯ ಆಮೆ ವೇಗದ ಲೈನಿನಲ್ಲಿ ಆ ಫೋಟೋ ಮೇಲಿನಿಂದ ಕೆಳಕ್ಕೆ ಚೂರು ಚೂರೇ ಇಳಿಯುತ್ತಿತ್ತು. ಮೊದಲು ಕಿಟಕಿ. ಆಮೇಲೆ ದೀಪ. ಕೊನೆಗೆ ಒಂದು ಖಾಲಿ ಕುರ್ಚಿ. ಆ ಕುರ್ಚಿ ಕಾಣಿಸುವುದನ್ನೇ ನಾನು ಕಾಯುತ್ತಿದ್ದೆ.

ಬಿ.ಎ. ಮುಗಿದಾಗ ಎಂ.ಎ.ಗೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕಿತ್ತು. ಯಾರೂ ಬೇಡ ಅನ್ನಲಿಲ್ಲ. ಯಾರೂ ಹೋಗು ಅಂತಲೂ ಅನ್ನಲಿಲ್ಲ. ನಮ್ಮ ವಾರಿಗೆಯ ಎಷ್ಟೋ ಹುಡುಗಿಯರ ಓದು ನಿಂತದ್ದು ಹೀಗೇ ಅಲ್ಲವೇ, ಯಾರ ತಪ್ಪೂ ಇಲ್ಲದೆ? ಆದರೆ ಅಂಥದೊಂದು ಕುರ್ಚಿಯ ಆಸೆ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಸೈಬರಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರೆ ನಾನು ಅಲ್ಲೇ ಕೂತಿರುತ್ತಿದ್ದೆ. ಮೈಮೇಲೆ ಇಳಕಲ್ ಸೀರೆ, ಎದುರಿಗೆ ದಪ್ಪ ಪುಸ್ತಕ. ಕಿಟಕಿಯಾಚೆಯ ಹಳದಿ ಮರ ಮಾತ್ರ ಯಾಕೋ ಹೊಳೆಯಾಚೆಯ ಕಾಸರಕೋಡಿನ ಕಡಲದಂಡೆಯ ಗಾಳಿಮರವಾಗಿ ಸುಂಯ್‌ಗುಡುತ್ತಿತ್ತು.

ನನ್ನ ಪ್ರಬಂಧ ತಾರಿಗಳ ಬಗ್ಗೆ. ಸೇತುವೆಗಳು ಬರುವ ಮೊದಲು ನಮ್ಮ ಹೊಳೆಗಳನ್ನು ದಾಟಿಸುತ್ತಿದ್ದ ದೋಣಿಗಳ ಬಗ್ಗೆ. ಅದು ಅತ್ತೆಯ ಕಿವಿಗೆ ಬಿತ್ತು.

"ಅದಕ್ಕೆ ಪುಸ್ತಕ ಎಂತಕೆ? ನಾ ಮದ್ವೆ ಆಗಿ ಬಂದದ್ದೇ ತಾರಿ ಮೇಲೆ. ಕೇಳು, ನಾ ಹೇಳ್ತೆ" ಅಂದರು.

"ಕೇಳೂ ಹಾಂಗಿಲ್ಲ ಅತ್ತೆ. ಬರ್ದದ್ದು ಮಾತ್ರ ಓದ್ಬೇಕು. ಮಾಸ್ತರ್ರು ಹೇಳಿದ್ದಾರೆ."

"ಬರ್ದವ ಯಾರ ಹತ್ರನೂ ಕೇಳ್ದೆ ಬರ್ದನಾ?"

ನಾನು ನೋಟ್ಸಿನ ಪುಟ ಮಗುಚಿದೆ. "ಆತು, ನಾ ಎಂತೂ ಹೇಳೂದಿಲ್ಲ ಬಿಡು" ಎಂದು ಅತ್ತೆ ಎದ್ದು ಹೋದರು. ಆದರೆ ಮರುದಿನದಿಂದ, ನಾನು ಓದಲು ಕೂತ ಹೊತ್ತಿಗೇ ಅಂಗಳದಲ್ಲಿ ಪಕ್ಕದ ಮನೆಯವರಿಗೆ ತಾರಿಯ ಕತೆ ಶುರು. ಅದೂ ಬೇಕಂತಲೇ ಗಟ್ಟಿ ದನಿಯಲ್ಲಿ. "ಆ ದಿನ ಸಂಜಿಗೆ ದಡದ ಮೇಲೆ ನಾ ಒಬ್ಳೇ ನಿಂತಿದ್ದೆ..." ಎನ್ನುವಷ್ಟರಲ್ಲಿ ನಾನು ಕಿಟಕಿ ಮುಚ್ಚಿದೆ. ನಿಯಮ ಅಂದರೆ ನಿಯಮ ತಾನೇ?

ಪ್ರಬಂಧ ಕಳಿಸುವ ಕೊನೆಯ ದಿನ ಆ ಶನಿವಾರ. ನಮ್ಮ ಸಂಜೆ ಐದೂವರೆಗೆ ಅಲ್ಲಿಯ ಬಾಗಿಲು ಹಾಕುತ್ತದೆ. ಆಮೇಲೆ ಕಳಿಸಿದರೆ ಸೊನ್ನೆ, ಆರು ತಿಂಗಳ ಕಷ್ಟವೆಲ್ಲ ನೀರಲ್ಲಿ ಹೋಮ. ಪೆನ್ ಡ್ರೈವ್ ಹಿಡಿದು ಹೊನ್ನಾವರಕ್ಕೆ ಬಂದರೆ ಪೇಟೆಯಲ್ಲಿ ಕರೆಂಟಿಲ್ಲ. ಸಂಜೆಯವರೆಗೂ ಬರುವುದಿಲ್ಲವಂತೆ. ಕುಮಟೆಯಲ್ಲಿ ಜನರೇಟರ್ ಇರುವ ಸೈಬರ್ ಇದೆಯೆಂಬುದು ನನಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿಗೆ ಓಡಿದೆ. ಎದುರಿಗೇ ಬಸ್ಸು, ಮುಂದಿನ ಗಾಜಿನಲ್ಲಿ ಕೆಂಪಕ್ಷರದ ಬೋರ್ಡು: ಕುಮಟಾ.

ಎಲ್ಲರೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು 'ಎಲ್ಲಿಗೆ ಹೋಗ್ತದ್ರಾ?' ಎಂದು ಕೇಳಿಯೇ ಹತ್ತುತ್ತಿದ್ದರು. ಇವರಿಗೆ ಓದಲು ಬರುವುದಿಲ್ಲವೇ, ಅಂದುಕೊಂಡೆ. ಬರೆದದ್ದು ಕಣ್ಣೆದುರಿಗೇ ಇರುವಾಗ ಕೇಳುವುದೇಕೆ? ಅವರಿಗೆ ಸಿಕ್ಕ ಉತ್ತರಕ್ಕೆ ಕಿವಿಗೊಡದೆ ಹತ್ತಿದೆ, ಕಿಟಕಿಯ ಪಕ್ಕ ಕೂತೆ.

ಬಸ್ಸು ಹೊರಟಿತು. ಕಂಡಕ್ಟರು ಬಂದರು. ದಿನಾ ನೋಡುವ ಮುಖ. "ಅಕ್ಕೋರೇ" ಅಂದರು, ನೋಟು ಕೊಟ್ಟೆ, ಎಲ್ಲಿಗೆ ಎಂದು ಕೇಳದೆ ಟಿಕೆಟ್ ಹರಿದು ಕೊಟ್ಟರು. ಅದನ್ನು ನೋಡದೆ ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡೆ. ಶರಾವತಿ ಸೇತುವೆ ಬಂತು. ಇಳಿಬಿಸಿಲಿಗೆ ನೀರೆಲ್ಲ ಹೊಳೆಯುತ್ತಿತ್ತು. ಹೊಳೆಯ ನಡುವೆ ಒಂದು ದೋಣಿ ಎಲ್ಲಿಗೂ ಹೋಗುವ ಅವಸರವಿಲ್ಲದೆ ನಿಂತಿತ್ತು. ಎಷ್ಟು ಚಂದ, ಅಂದುಕೊಂಡೆ. ಕುಮಟೆಗೆ ಹೋಗುವವರಿಗೆ ಈ ಸೇತುವೆ ಸಿಗುವುದೇ ಇಲ್ಲ ಎಂಬುದು ತಲೆಗೆ ಹೋಗಲಿಲ್ಲ. ದಿನಾ ಸಂಜೆ ಸೈಬರಿನಿಂದ ಮನೆಗೆ ಹೋಗುವ ದಾರಿಯಲ್ಲವೇ, ಮೈ ಸುಮ್ಮನೆ ಒಪ್ಪಿಕೊಂಡುಬಿಟ್ಟಿತು. ಗಾಳಿ ಬೀಸುತ್ತಿತ್ತು. ನಾನಾಗಲೇ ಹಸಿರು ದೀಪದ ಕೆಳಗೆ ಕೂತಿದ್ದೆ. ಯಾರೋ ಬಂದು, ನಿಮ್ಮ ಪ್ರಬಂಧ ಓದಿದೆ, ಬಹಳ ಚೆನ್ನಾಗಿದೆ ಅನ್ನುತ್ತಿದ್ದರು.

"ಅಕ್ಕೋರೇ, ಇಳೂದಿಲ್ವಾ? ಮಂಕಿ ಬಂತಲ್ಲ!"

ಕಣ್ಣು ಬಿಟ್ಟರೆ ನಮ್ಮದೇ ಊರು. ನಮ್ಮದೇ ಸ್ಟಾಪು.

"ಅಯ್ಯೋ, ನಾನು ಕುಮಟೆಗೆ ಹೋಗ್ಬೇಕಿತ್ತು! ಬೋರ್ಡು ಹಾಕಿದ್ರಲ್ಲ?"

"ಅದು ಬರೂವಾಗಿನ ಬೋರ್ಡು ಅಕ್ಕೋರೇ. ಕುಮಟೆಯಿಂದ ಬಂದದ್ದು ಇದು, ಭಟ್ಕಳಕ್ಕೆ ಹೋಗೂದು. ತಿರುಗ್ಸಿ ಹಾಕೂದು ಮರ್ತೋಯ್ತು. ಒಂದು ಮಾತು ಕೇಳೂಕೆ ಎಂತ ಆಗಿತ್ತು ನಿಮ್ಗೆ?"

"ನೀವೂ ಕೇಳ್ಲಿಲ್ವಲ್ಲ!"

"ನೀವು ದಿನಾ ಮಂಕಿಗಲ್ದಾ ಬರೂದು!"

ನಾನು ಹಳೆಯ ಬೋರ್ಡು ನಂಬಿದ್ದೆ, ಅವರು ಹಳೆಯ ರೂಢಿ ನಂಬಿದ್ದರು. ಇಬ್ಬರೂ ಸೆಕೆಂಡರಿ ರಿಸರ್ಚಿನವರೇ. ನನಗೆ ಅಳು ಬಂತು. ನಿಜವಾಗಿಯೂ ಬಂತು. ಕೈಯಲ್ಲಿ ಪೆನ್ ಡ್ರೈವ್, ಗಡಿಯಾರದಲ್ಲಿ ನಾಲ್ಕರ ಹತ್ತಿರ.

ಅಷ್ಟು ಸಾಕಾಯಿತು. ಇಡೀ ಬಸ್ಸೇ ಕೇಳತೊಡಗಿತು. ಎಂತ ಆತು? ಎಲ್ಲಿಗೆ? ಎಂತಕೆ? ಪರೀಕ್ಷೆಯಾ? ಈ ವಯಸ್ಸಲ್ಲಾ? ತಿರುಗಿ ಹೋದರೆ ಹೊನ್ನಾವರದಲ್ಲಿ ಕರೆಂಟಿಲ್ಲ, ಕುಮಟೆ ಮುಟ್ಟುವುದು ಅನುಮಾನ, ಎಂದು ಲೆಕ್ಕ ಹಾಕಿದರು. ಭಟ್ಕಳಕ್ಕೇ ಹೋಗಲಿ, ಅಲ್ಲಿಯ ಸೈಬರುಗಳು ದುಬೈಯಲ್ಲಿರುವ ಗಂಡಂದಿರ ಫೋನಿಗಾಗಿ ಕರೆಂಟು ಹೋದರೂ ನಡೆಯುತ್ತವೆ, ಎಂದು ಠರಾವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕಂಡಕ್ಟರು ಮುಂದಿನ ಟಿಕೆಟ್ ಹರಿದರು.

ಮೀನಿನ ಖಾಲಿ ಬುಟ್ಟಿ ಕಾಲಡಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಕೇಳಿದರು: "ಎಂತದ್ರ ಮೇಲೆ ಬರ್ದದ್ದು ತಂಗಿ?"

ತಾರಿಯ ಮೇಲೆ, ಅಂದೆ.

"ತಾರಿಗೆ ಬೋರ್ಡು ಇತ್ತಾ? ದಡದ ಮೇಲೆ ನಿಂತು ಕೂಗ್ಬೇಕಿತ್ತು. ಆಚಿಗಿಂದ ತಾರಿಯವ 'ಯಾರು?' ಅಂತ ಕೇಳ್ತಿದ್ದ. ಹೆಸ್ರು ಹೇಳಿದ್ರೇ ದೋಣಿ ಬಿಡೂದು."

"ಹೆಸ್ರಲ್ಲ, ಮನೆ ಹೇಳ್ಬೇಕಿತ್ತು" ಎಂದರು ಹಿಂದಿನ ಸೀಟಿನ ಇನ್ನೊಬ್ಬರು. ಮಾವಳ್ಳಿ ದಾಟುವವರೆಗೂ ಹೆಸರೋ ಮನೆಯೋ ಎಂದು ಜಗಳ. ನಾನು ಕಿಟಕಿ ಮುಚ್ಚಲಿಲ್ಲ. ಮುಚ್ಚುವ ಮನಸ್ಸೂ ಆಗಲಿಲ್ಲ.

ಭಟ್ಕಳದ ಸೈಬರಿನಲ್ಲಿ ಒಂದು ಸೀಟೂ ಖಾಲಿಯಿರಲಿಲ್ಲ. ಬಾಗಿಲಲ್ಲಿ ನಿಂತು, ಆರು ತಿಂಗಳಲ್ಲಿ ಮೊದಲ ಸಲ, ಬಾಯಿಬಿಟ್ಟು ಕೇಳಿದೆ: "ಯಾರಾದ್ರೂ ಸ್ವಲ್ಪ ಜಾಗ ಕೊಡ್ತೀರಾ?" ಬುರ್ಖಾದ ಹುಡುಗಿಯೊಬ್ಬಳು ಪರದೆಯಲ್ಲಿದ್ದ ಗಂಡನಿಗೆ ನವಾಯತಿ ಭಾಷೆಯಲ್ಲಿ ಏನೋ ಹೇಳಿ ಎದ್ದಳು. "ಕೂತ್ಕೊಳ್ಳಿ ಆಂಟಿ, ಅವ್ರೆಲ್ಲಿ ಓಡಿ ಹೋಗ್ತಾರೆ?" ಎಂದು ನಕ್ಕಳು.

ಕಳಿಸುವ ಮೊದಲು ಕೊನೆಗೆ ಒಂದು ಪ್ಯಾರಾ ಸೇರಿಸಿದೆ. ತಾರಿಗೆ ಬೋರ್ಡು ಇರಲಿಲ್ಲ. ದಡದ ಮೇಲೆ ನಿಂತು ಕೂಗಬೇಕಿತ್ತು. ಆಚೆ ದಡದಿಂದ ಒಂದು ಪ್ರಶ್ನೆ ಬಂದ ಮೇಲೆಯೇ ದೋಣಿ ಹೊರಡುತ್ತಿತ್ತು. ನಿಯಮ ಮುರಿದಿದ್ದೆ, ಗೊತ್ತಿತ್ತು. ಫೇಲಾದರೂ ಆಗಲಿ ಅನ್ನಿಸಿತು. ಒತ್ತಿದೆ. ಹೋಯಿತು. ಮತ್ತೆ ಅದೇ ಫೋಟೋ ತೆರೆದುಕೊಂಡಿತು, ಈ ಸಲ ಒಂದೇ ಏಟಿಗೆ, ಕುರ್ಚಿಯ ಸಮೇತ. (ಭಟ್ಕಳದ ಲೈನು ಅಷ್ಟು ಚುರುಕು.)

ಮೊನ್ನೆ ಫಲಿತಾಂಶ ಬಂತು. ಪಾಸಾಗಿದ್ದೇನೆ! ಪ್ರಬಂಧದ ತುಂಬ ಕೆಂಪು ಗೆರೆಗಳಿವೆ. ಕೊನೆಯ ಪ್ಯಾರಾದ ಪಕ್ಕ ಮಾತ್ರ ಪ್ರೊಫೆಸರು ಎರಡು ಸಾಲು ಬರೆದಿದ್ದಾರೆ: 'ಇಡೀ ಪ್ರಬಂಧದಲ್ಲಿ ನನಗೆ ಇಷ್ಟವಾದದ್ದು ಇದು. ಆದರೆ ಇದು ನಿಮಗೆ ಎಲ್ಲಿ ಸಿಕ್ಕಿತು?'

ಅಡುಗೆಮನೆಗೆ ಓಡಿಹೋಗಿ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಈಳಿಗೆ ಮಣೆಯಿಂದ ತಲೆಯೆತ್ತಿ ನನ್ನನ್ನೇ ನೋಡುತ್ತ ಅಂದರು:

"ಮಾಸ್ತರ್ರು ಕೇಳಿದ್ರು, ಆತು. ನೀ ಯಾವಾಗ ಕೇಳೂದು?"