ಮೇಜರ್ ಮೇಡಂ ಮತ್ತೆ ಸಾಲಿಗೆ ಹೋದದ್ದು

ಪ್ರೊಫೆಸರು ಒಳಗೆ ಬಂದರು, ನಾನು ಎದ್ದು ನಿಂತೆ. ಬರೀ ನಿಲ್ಲಲಿಲ್ಲ, ಹಿಮ್ಮಡಿ ಕೂಡಿಸಿ, ಕೈ ಪಕ್ಕಕ್ಕೆ ಬಿಗಿಹಿಡಿದು, ಎದೆ ಮುಂದೆ ಮಾಡಿ ನಿಂತೆ. ಇಡೀ ತರಗತಿಯಲ್ಲಿ ನಿಂತವಳು ನಾನೊಬ್ಬಳೇ. ಪಕ್ಕದ ಹುಡುಗಿ ಕಾಗದದ ಪೊಟ್ಟಣದಿಂದ ಏನನ್ನೋ ಕುರುಕುರು ತಿನ್ನುತ್ತಿದ್ದಳು. ಮುಂದಿನ ಸಾಲಿನವನು ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಕೂತಿದ್ದ. ನನ್ನನ್ನು ನೋಡಿದ ಪ್ರೊಫೆಸರು, ತಮ್ಮ ಹಿಂದೆ ಯಾರಾದರೂ ದೊಡ್ಡವರು ಬಂದರೇನೋ ಎಂದು ತಾವೇ ಬಾಗಿಲ ಕಡೆ ತಿರುಗಿದರು. ತರಗತಿ ಗೊಳ್ಳೆಂದು ನಕ್ಕಿತು. "ಕೂತುಕೊಳ್ಳಿ, ಇಲ್ಲಿ ಯಾರೂ ಯಾರಿಗೂ ಏಳುವುದಿಲ್ಲ. ನನ್ನನ್ನು ಹೆಸರು ಹಿಡಿದೇ ಕರೆಯಿರಿ" ಎಂದರು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹಿಡಿದು ಕರೆಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ನಾನು ತಾವರಗೇರಾದವಳು. ಹತ್ತು ವರ್ಷ ಸೈನ್ಯದ ಸರಬರಾಜು ವಿಭಾಗದಲ್ಲಿ ಅಧಿಕಾರಿಯಾಗಿದ್ದೆ, ಮೇಜರ್ ಆಗಿ ಹೊರಗೆ ಬಂದೆ. ಹಿಮದಲ್ಲಿ ಕೂತ ಜವಾನರಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆ ತಲುಪಿಸುವುದು ನನ್ನ ಕೆಲಸವಾಗಿತ್ತು. ಈಗ ಕೋಲ್ಕತ್ತಾದ ಒಂದು ಬಿಸಿನೆಸ್ ಸ್ಕೂಲಿನಲ್ಲಿ, ನನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ವಿದ್ಯಾರ್ಥಿನಿ. ಕುಷ್ಟಗಿ, ಯಲಬುರ್ಗಾ ಕಡೆ ಇದನ್ನು ಓದುವವರಲ್ಲಿ ಕೆಲವರಾದರೂ "ಅಯ್ಯ, ಯಾಕ ಬೇಕಿತ್ತು?" ಎಂದು ಈಗಾಗಲೇ ಅಂದಿರುತ್ತೀರಿ. ಬೇಕಿತ್ತು ರೀ. ಭಾಳ ಬೇಕಿತ್ತು.

ಸೀಟು ಸಿಕ್ಕ ಸುದ್ದಿ ಬಂದದ್ದು ಬಸ್ಸಿನಲ್ಲಿ. ಸೈನ್ಯದಿಂದ ಮಗಳು ಕೈಕಾಲು ನೆಟ್ಟಗಿಟ್ಟುಕೊಂಡು ಬರಲೆಂದು ಅವ್ವ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದಳು. ಹಣ್ಣುಕಾಯಿ ಮಾಡಿಸಿ, ಗಂಗಾವತಿಯಲ್ಲಿ ಚಹಾ ಕುಡಿದು, ಊರಿನ ಬಸ್ಸು ಹತ್ತಿದ್ದೆವು. ಫೋನಿನಲ್ಲಿ ಮೇಲ್ ತೆರೆದವಳು ಕೂಗಿಯೇಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ ಸೀಟಿ ಊದಿದ, ಡ್ರೈವರ್ ಬಸ್ಸು ನಿಲ್ಲಿಸಿದ. ಏನೂ ಆಗಿಲ್ಲ, ದೊಡ್ಡ ಕಾಲೇಜಿನಲ್ಲಿ ಓದಲು ಕರೆದಿದ್ದಾರೆ ಎಂದೆ. "ಅದಕ್ಕ ಬಸ್ ನಿಲ್ಲಸ್ತಾರೇನ್ರಿ ಅಕ್ಕಾರ? ನಾ ಯಾರೋ ಬಿದ್ರು ಅನ್ಕೊಂಡೆ" ಎಂದು ಬೈದ ಕಂಡಕ್ಟರ್, ಆಮೇಲೆ ತಾನೇ ನಕ್ಕ. ಪರೀಕ್ಷೆ ಬರೆದು, ಸಂದರ್ಶನ ಕೊಟ್ಟು, ನನ್ನ ಬಲದಿಂದ ಗಳಿಸಿದ ಸೀಟು ಅದು. ಅಷ್ಟು ಹೆಮ್ಮೆ ನನಗೆ ಹೆಗಲಿಗೆ ನಕ್ಷತ್ರ ಹಾಕಿದ ದಿನವೂ ಆಗಿರಲಿಲ್ಲ.

ಮಾರನೆಯ ದಿನ ಅವ್ವ ಇಡೀ ಓಣಿಗೆ ಒಗ್ಗರಣಿ-ಮಿರ್ಚಿ ಮಾಡಿಸಿದಳು. ನಮ್ಮ ಕಡೆ ಖುಷಿ ಎಂದರೆ ಪೇಡೆ ಹಂಚುವುದಕ್ಕಿಂತ ಇದೇ ಹೆಚ್ಚು: ನೆನೆಸಿದ ಮಂಡಕ್ಕಿಗೆ ಒಗ್ಗರಣೆ, ಜೊತೆಗೆ ಬಾಣಲೆಯಿಂದ ನೇರ ತಟ್ಟೆಗೆ ಬಿದ್ದ ಮೆಣಸಿನಕಾಯಿ ಬಜ್ಜಿ. ಅಂಗಳದಲ್ಲಿ ಜನವೋ ಜನ. ನಾನು ಒಳಗಿನಿಂದ ತಟ್ಟೆ ತರುತ್ತಿದ್ದಾಗ ಎದುರು ಮನೆಯ ಗಂಗವ್ವ ಚಿಗವ್ವ ಅವ್ವನನ್ನು ಕೇಳುತ್ತಿದ್ದಳು.

"ಯಾಕಬೇ ಬಸವ್ವ, ಹುಡುಗಿ ನೌಕರಿ ಬಿಟ್ಟಾಳಂತ? ಮತ್ತ ಸಾಲಿಗೆ ಹೊಂಟಾಳಂತ? ಏನರ ತಪ್ಪ ಆಗೈತೇನ?"

"ಏ, ಬಿಟ್ಟಿಲ್ಲ ಏನಿಲ್ಲ" ಎಂದಳು ಅವ್ವ. "ಮಿಲ್ಟ್ರಿಯವ್ರ ಕಳಿಸಾಕ ಹತ್ಯಾರ. ದೊಡ್ಡ ಟ್ರೇನಿಂಗ್ ಐತಿ. ಮುಗಿಸಿ ಬಂದ್ಲಂದ್ರ ಇನ್ನೂ ದೊಡ್ಡ ಹುದ್ದೆ."

ತಟ್ಟೆ ಹಿಡಿದು ಬಾಗಿಲ ಹಿಂದೆಯೇ ನಿಂತೆ. ಅಂಗಳದಲ್ಲಿ ಅಷ್ಟೂ ಜನ ತಿನ್ನುತ್ತಿದ್ದ ಮಿರ್ಚಿ ನನಗಾಗಿ ಕರಿದದ್ದಲ್ಲ, ಇಲ್ಲದ ಯಾವಳೋ ಮೇಜರಿಗಾಗಿ ಕರಿದದ್ದು ಅನ್ನಿಸಿತು. ಜನ ಹೋದ ಮೇಲೆ ಕೇಳಿದೆ.

"ಹಂಗ್ಯಾಕ ಹೇಳಿದಿ ಅವ್ವ?"

"ಮತ್ತೇನ ಹೇಳ್ಲಿ? ಮೇಜರ್ ಇದ್ದಾಕಿ ಪಾಟಿಚೀಲ ಹಾಕ್ಕೊಂಡ ಹೊಂಟಾಳ ಅಂತ ಹೇಳ್ಲೇನ? ಈ ಓಣ್ಯಾಗ ನಿನ್ನ ನೋಡಿ ಹೆಣ್ಣಮಕ್ಕಳನ್ನ ಕಾಲೇಜಿಗೆ ಹಚ್ಯಾರ. ಅವರ ಮುಂದ ನಾ ಹೆಂಗ ತಲಿ ಎತ್ತಲಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಒಂದು ತುಂಡು ಒಣ ಹೊಲ, ಹೊಲದ ಕಳೆಕಸ ತೆಗೆಯುವ ಹೆಂಗಸರ ಒಂದು ಗುಂಪು ಇಷ್ಟನ್ನೇ ನಂಬಿ ನನ್ನನ್ನೂ ತಮ್ಮನನ್ನೂ ಬೆಳೆಸಿದವಳು. ಆಕೆಗೆ ನಾನು ಕೊಟ್ಟ ದೊಡ್ಡ ಒಡವೆ ಎಂದರೆ 'ಮಿಲ್ಟ್ರಿ ಮೇಡಂ ಅವ್ವ' ಎಂಬ ಹೆಸರು. ಅದನ್ನು ನಾನೇ ಕಿತ್ತುಕೊಂಡಿದ್ದೆ. ಆದರೆ ಒಂದಾಸೆ ಉಳಿಯಿತು: ಇದ್ದದ್ದನ್ನು ಇದ್ದ ಹಾಗೆ ಹೇಳಿ ಆಕೆ ತಲೆ ಎತ್ತಬೇಕು. ಆ ಆಸೆಯನ್ನು ಟ್ರಂಕಿನ ಜೊತೆ ಕೋಲ್ಕತ್ತಾಕ್ಕೆ ಹೊತ್ತುಕೊಂಡು ಬಂದೆ.

ಸೈನ್ಯದಲ್ಲಿ ಅಸ್ಸಾಂ, ಪಂಜಾಬ್, ಲಡಾಖ್ ಎಲ್ಲ ಸುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಅಷ್ಟು ಊರು ನೋಡಿದ್ದೆನೇ ಹೊರತು ಒಂದು ಊರಿನಲ್ಲೂ ಬಾಳಿರಲಿಲ್ಲ ಎಂದು. ಕಂಟೋನ್ಮೆಂಟಿನಲ್ಲಿ ಮನೆ ಅವರೇ ಕೊಡುತ್ತಾರೆ, ಊಟ ಮೆಸ್ಸಿನಲ್ಲಿ, ಬಟ್ಟೆ ಅಂತೂ ಕೇಳುವುದೇ ಬೇಡ. ಇಲ್ಲಿ ಮೊದಲ ವಾರ ನನ್ನ ದೊಡ್ಡ ತಲೆನೋವು, ಬೆಳಿಗ್ಗೆ ಎದ್ದು ಯಾವ ಬಟ್ಟೆ ಹಾಕಿಕೊಳ್ಳಲಿ ಎಂಬುದು! ಮನೆ ಹುಡುಕುವುದು ಇನ್ನೊಂದು ಯುದ್ಧ. ಒಂಟಿ ಹೆಂಗಸು ಎಂದ ಕೂಡಲೇ ಮುಖ ಹುಳ್ಳಗೆ ಮಾಡಿದವರುಂಟು. ಕೊನೆಗೆ ಹಳೆಯ ಪಾಡಾವೊಂದರಲ್ಲಿ ಮಹಡಿಯ ಕೋಣೆ ಸಿಕ್ಕಿತು. ಪಾಡಾ ಎಂದರೆ ನಮ್ಮ ಓಣಿ ಇದ್ದ ಹಾಗೆ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಮನೆಯ ಯಜಮಾನಿ ಒಬ್ಬಂಟಿ ಹಿರಿಯ ಹೆಂಗಸು. ಅವರನ್ನು ಎಲ್ಲರೂ ಮಾಶಿಮಾ ಎನ್ನುತ್ತಾರೆ, ಚಿಕ್ಕಮ್ಮ ಎಂದಂತೆ. "ಫೌಜಿಯೇ? ಹಾಗಾದರೆ ಕಳ್ಳರ ಭಯವಿಲ್ಲ" ಎಂದು ಕೀಲಿ ಕೊಟ್ಟೇಬಿಟ್ಟರು.

ನಮ್ಮಲ್ಲಿ ನೀರು ಕಂಡರೆ ಕೊಡ ಹಿಡಿದು ಓಡುತ್ತೇವೆ. ಇಲ್ಲಿ ಓಣಿಗೊಂದು ಪುಕುರ್, ಅಂದರೆ ಕೊಳ. ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ತಾವರಗೇರಾದಲ್ಲಿ ಒಗೆದ ಬಟ್ಟೆ ಹಿಂಡಿ ಹರವುವಷ್ಟರಲ್ಲಿ ಒಣಗಿರುತ್ತದೆ, ಇಲ್ಲಿ ಎರಡು ದಿನವಾದರೂ ಹಸಿಹಸಿ. ಮೀನಿನ ವಾಸನೆಗೆ ಮೊದಮೊದಲು ಮೂಗು ಮುಚ್ಚುತ್ತಿದ್ದೆ. ತರಗತಿಯಲ್ಲಿ ಪಕ್ಕದ ಹುಡುಗಿ ತಿನ್ನುತ್ತಿದ್ದ ಪೊಟ್ಟಣವೇ ನನ್ನನ್ನು ಉಳಿಸಿದ್ದು. ಅದು ಮುಡಿ, ನಮ್ಮ ಮಂಡಕ್ಕಿಯೇ! ಹಸಿ ಸಾಸಿವೆ ಎಣ್ಣೆ, ಹಸಿಮೆಣಸು, ಕೊಬ್ಬರಿ ಚೂರು ಹಾಕಿ ಕಲಸಿದರೆ ಝಾಲ್‌ಮುಡಿ. ಮೊದಲ ತುತ್ತಿಗೆ ಎಣ್ಣೆಯ ಘಾಟು ನೆತ್ತಿಗೇರಿ ಕಣ್ಣೀರು ಬಂತು. ಆದರೂ ಪೊಟ್ಟಣ ಖಾಲಿ ಮಾಡಿದೆ. ಒಂಟಿತನ ಹೆಚ್ಚಾದ ಸಂಜೆಗಳಲ್ಲಿ ಅದನ್ನೇ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಪೊಟ್ಟಣದ ಹುಡುಗಿಯ ಹೆಸರು ತನ್ವಿ. ಅವಳೂ ಇನ್ನು ಮೂವರೂ ನನ್ನ ಗುಂಪಿನಲ್ಲಿದ್ದರು. ಇಲ್ಲಿ ಓದೆಲ್ಲ ಗುಂಪಿನಲ್ಲೇ. ಒಂದು ಕಂಪನಿಯ ಕಷ್ಟವನ್ನು ಮುಂದಿಟ್ಟು, ಬಿಡಿಸಿಕೊಂಡು ಬನ್ನಿ ಎನ್ನುತ್ತಾರೆ. ಮೊದಲ ಸಲ ಗುಂಪು ಸೇರಿದಾಗ ನಾನು ಬೋರ್ಡಿನ ಮುಂದೆ ನಿಂತು, ಯಾರು ಯಾವ ಭಾಗ, ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ಗೀಚಿ, "ಯಾರಿಗಾದರೂ ಸಂಶಯ?" ಎಂದೆ. ಯಾರೂ ತುಟಿ ಬಿಚ್ಚಲಿಲ್ಲ. ಸೈನ್ಯದಲ್ಲಿ ಆ ಮೌನಕ್ಕೆ ಅರ್ಥ ಒಂದೇ: ಕೆಲಸ ಆಗುತ್ತದೆ. ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗಿ ಕೂತರೆ ಕೋಣೆ ಖಾಲಿ. ತನ್ವಿಯೊಬ್ಬಳು ತಡವಾಗಿ ಬಂದಳು, ಬರಿಗೈಯಲ್ಲಿ.

"ದೀದಿ, ಬೇಜಾರಾಗಬೇಡಿ. ನೀವು ನಮ್ಮನ್ನು ಕೇಳಲೇ ಇಲ್ಲ. ಬರೀ ಹೇಳಿದಿರಿ" ಎಂದಳು.

ಆ ಸಲ ನಮ್ಮ ಗುಂಪು ಎಲ್ಲರೆದುರು ಮುಗ್ಗರಿಸಿತು. ನನ್ನ ಪಾಲಿನ ಬ್ಯಾಲೆನ್ಸ್ ಶೀಟಂತೂ ನನಗೇ ಅರ್ಥವಾಗಿರಲಿಲ್ಲ. ನೂರಾರು ಜನರಿಂದ ಸೆಲ್ಯೂಟ್ ಹೊಡೆಸಿಕೊಳ್ಳುತ್ತಿದ್ದವಳ ಮಾತನ್ನು ನಾಲ್ಕು ಮಂದಿ ಕೇಳಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಅವ್ವ ಹೇಳಿದ ಸುಳ್ಳೇ ಸರಿಯಿತ್ತೇನೋ, ಇಲ್ಲಿ ಸೋತು ಹೋದರೆ ಓಣಿಯವರ ಮರುಕವೇ ನಿಜವಾಗುತ್ತದಲ್ಲ ಎಂದು ಹೆದರಿದೆ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೆನಪಾದದ್ದು ಸೈನ್ಯದ ಪಾಠವಲ್ಲ, ನಮ್ಮ ಹೊಲದ ಮುಯ್ಯಾಳು. ನಿಮಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಪೇಟೆಯ ಮಕ್ಕಳಿಗಾಗಿ ಹೇಳುತ್ತೇನೆ. ಇವತ್ತು ನಾವು ಗಂಗವ್ವನ ಹೊಲದಲ್ಲಿ ಕಸ ತೆಗೆದರೆ ನಾಳೆ ಗಂಗವ್ವ ನಮ್ಮ ಹೊಲಕ್ಕೆ ಬರುತ್ತಾಳೆ. ಕೂಲಿ ಇಲ್ಲ, ಯಜಮಾನರಿಲ್ಲ. ಆಳು ಬೇಕಾದವರು ಮೊದಲು ಇನ್ನೊಬ್ಬರ ಹೊಲದಲ್ಲಿ ಬಗ್ಗಬೇಕು, ಅಷ್ಟೇ. ನಾನು ತನ್ವಿಯ ಹತ್ತಿರ ಹೋಗಿ, ನಿನಗೆ ಕಷ್ಟದ್ದು ಯಾವುದು ಎಂದು ಕೇಳಿದೆ. ಲೆಕ್ಕದಲ್ಲಿ ಹುಲಿಯಂಥ ಆ ಹುಡುಗಿಗೆ ನಾಲ್ಕು ಜನರೆದುರು ನಿಂತರೆ ನಾಲಿಗೆ ಒಣಗುತ್ತಿತ್ತು. ಅವಳನ್ನು ಮಹಡಿಗೆ ಕರೆದೊಯ್ದು, ಎದುರಿಗೆ ಕೂತು, ಗಟ್ಟಿ ದನಿ ಬರುವವರೆಗೆ ಸಂಜೆಗಳಲ್ಲಿ ಮಾತಾಡಿಸಿದೆ. ಬದಲಿಗೆ ಏನನ್ನೂ ಕೇಳಲಿಲ್ಲ. ಒಂದು ಸಂಜೆ ಅವಳೇ ನನ್ನ ಪುಸ್ತಕ ಎಳೆದುಕೊಂಡು, "ಈಗ ನಿಮ್ಮ ಬ್ಯಾಲೆನ್ಸ್ ಶೀಟ್ ನೋಡೋಣ" ಎಂದಳು. ಉಳಿದ ಮೂವರೂ ಒಬ್ಬೊಬ್ಬರಾಗಿ ಬಂದರು. ಸರಕು ಸಾಗಣೆಯ ಪಾಠ ಬಂದಾಗ ಅವರಿಗೆ ನಾನು ಹೇಳಿಕೊಡುವುದು, ಲೆಕ್ಕ ಬಂದಾಗ ಅವರು ನನಗೆ. ಮುಂದಿನ ಸಲ ನಮ್ಮ ಗುಂಪನ್ನು ಪ್ರೊಫೆಸರು ಎಲ್ಲರೆದುರು ಹೊಗಳಿದರು. ಮಾತಾಡಿದವಳು ತನ್ವಿ, ಹಿಗ್ಗಿದವಳು ನಾನು.

ಚಳಿಗಾಲದಲ್ಲಿ ನನ್ನ ತಮ್ಮ, ಅವ್ವನನ್ನು ಕೊಪ್ಪಳದಲ್ಲಿ ಹೌರಾ ಗಾಡಿ ಹತ್ತಿಸಿಕೊಂಡು ಬಂದ. ಅವ್ವ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, "ಕ್ವಾಟರ್ಸ್ ಭಾಳ ಸಣ್ಣದು ಕೊಟ್ಟಾರ" ಎಂದಳು. ನನಗೆ ಕಸಿವಿಸಿಯಾಯಿತು. ಆ ಸಂಜೆ ನಮ್ಮ ಗುಂಪು ಕೋಣೆಗೆ ಬಂತು. ಅವ್ವ ಮೂಲೆಯಲ್ಲಿ ಶಾಲು ಹೊದ್ದು ಕೂತು ನೋಡುತ್ತಿದ್ದಳು. ಒಬ್ಬ ನನ್ನದನ್ನು ತಿದ್ದಿದ, ನಾನು ಇನ್ನೊಬ್ಬಳದನ್ನು ತಿದ್ದಿದೆ, ಒಬ್ಬರ ಕೆಲಸ ಮುಗಿದ ಕೂಡಲೇ ಎಲ್ಲರೂ ಮುಂದಿನವರ ಕೆಲಸಕ್ಕೆ ಬಗ್ಗಿದರು. ಭಾಷೆ ಒಂದಕ್ಷರ ತಿಳಿಯದೆಯೂ ಅವ್ವನಿಗೆ ತಿಳಿಯಿತು.

"ಮುಯ್ಯಾಳ ಮಾಡಾಕ ಹತ್ತೀರಲ್ಲಬೇ!" ಎಂದಳು. "ಇದನ್ನೇನ ಅಲ್ಲಿ ಕಲಸೋದು? ನಾ ಏನೋ ಮತ್ತ ಪಾಟಿ ಹಿಡಿಸ್ಯಾರ ಅಂತ ತಿಳದಿದ್ದೆ."

"ಇದನ್ನ ನೀನ ಕಲಿಸಿದ್ದಿ. ಅವರು ಉಳಿದದ್ದು ಕಲಿಸ್ತಾರ" ಎಂದೆ.

ಬೆಳಿಗ್ಗೆ ಮಾಶಿಮಾ ಚಹಾ ಹಿಡಿದು ಮೇಲೆ ಬಂದರು. ನನ್ನ ಕಡೆ ಕೈ ಮಾಡಿ, ಅವ್ವನಿಗೆ ಹಿಂದಿಯಲ್ಲಿ, "ನಿಮ್ಮ ಮಗಳು ದೊಡ್ಡ ಫೌಜಿ" ಎಂದರು. 'ಫೌಜಿ' ಎಂಬುದೊಂದು ತಿಳಿದು ಅವ್ವ ಲೋಟ ಕೆಳಗಿಟ್ಟಳು.

"ಇದ್ಲು, ಈಗಿಲ್ಲ. ತಾನಾಗೇ ಬಿಟ್ಲು. ಪಿನ್ಶನ್ ಇಲ್ಲ, ಏನಿಲ್ಲ, ಆದ್ರೂ ಬಿಟ್ಲು. ಈ ವಯಸ್ಸಿನ್ಯಾಗ ಸಣ್ಣ ಹುಡುಗುರ ಜೋಡಿ ಕುಂತು ಕಲಿಯಾಕ ಹತ್ಯಾಳ. ಅಷ್ಟು ಎದಿಗಾರಿಕಿ ನಮ್ಮ ಓಣ್ಯಾಗ ಯಾರಿಗೂ ಇಲ್ರಿ." ನನ್ನ ಕಡೆ ತಿರುಗಿದಳು. "ಸುಮ್ನ ಕುಂತಿ ಯಾಕ? ಹೇಳ ಅಕಿಗೆ, ಅಕಿ ಭಾಷಾದಾಗ."

ನನ್ನ ಹೊಗಳಿಕೆಯನ್ನು ನಾನೇ, ಕಲಿತಷ್ಟು ಹರಕು ಬಂಗಾಳಿಯಲ್ಲಿ ಹೇಳಬೇಕಾಯಿತು. 'ಎದೆಗಾರಿಕೆ'ಗೆ ಬಂಗಾಳಿಯಲ್ಲಿ ಏನೆನ್ನುತ್ತಾರೋ ತಿಳಿಯದೆ ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಮಾಶಿಮಾ ಎದ್ದು ಬಂದು ಮೊದಲು ಅವ್ವನ ಕೈ ಹಿಡಿದರು, ಆಮೇಲೆ ನನ್ನ ತಲೆ ಸವರಿದರು.

ವಾರ ಕಳೆದು ಅವ್ವ ಹೊರಟಳು. ಹೌರಾದಲ್ಲಿ ಗಾಡಿಯ ಕಿಟಕಿ ಪಕ್ಕ ಕೂರಿಸಿ, ತಮ್ಮನ ಕೈಗೆ ನೀರಿನ ಬಾಟಲಿ ಕೊಟ್ಟೆ. ಒಂದು ಕ್ಷಣ ನಾನೂ ಹತ್ತಿಬಿಡಲೇ ಅನ್ನಿಸಿತು. ಕೊಪ್ಪಳದಲ್ಲಿ ಇಳಿದರೆ ಮುಗಿಯಿತು, ನಮ್ಮೂರಿನ ಬಸ್ಸು ಅಲ್ಲೇ ಸಿಗುತ್ತದೆ. ಆದರೆ ಸಂಜೆ ನಮ್ಮ ಮುಯ್ಯಾಳಿನಲ್ಲಿ ತನ್ವಿಯ ಕೆಲಸದ ಪಾಳಿಯಿತ್ತು, ಮಾಶಿಮಾ ಅಡುಗೆ ಮಾಡಿ ಕಾಯುತ್ತಿದ್ದರು. ಗಾಡಿ ಅಲುಗಾಡಿತು. ಅವ್ವ ಕಿಟಕಿಯ ಸರಳಿಗೆ ಮುಖ ಹಚ್ಚಿದಳು.

"ಗಂಗವ್ವಗ ಹೇಳತೀನಿ" ಎಂದಳು. "ಮಿಲ್ಟ್ರಿಯವ್ರು ಕಳಿಸಿಲ್ಲ, ಅಕಿನ ಹೋಗ್ಯಾಳ ಅಂತ."

ಹೂಂ ಎಂದು ಗೋಣು ಹಾಕಿದೆ. ಹೆಮ್ಮೆಯಿಂದ ಮಾತು ಶುರು ಮಾಡಿದವಳ ದನಿ 'ಹೋಗ್ಯಾಳ' ಎನ್ನುವಷ್ಟರಲ್ಲಿ, ಮಗಳು ದೂರವಾದದ್ದು ಆಗಷ್ಟೇ ಹೊಳೆದಂತೆ ಸಣ್ಣಗಾಗಿತ್ತು. ಗಾಡಿ ಅವ್ವನನ್ನು ನಮ್ಮೂರಿಗೆ ಕರೆದುಕೊಂಡು ಹೋಯಿತು, ನಾನು ಬಸ್ಸು ಹಿಡಿದು ಮನೆಗೆ ಬಂದೆ.