ಖಾಲಿ ಡಿಸ್ಕಿನಲ್ಲಿ ಕಂಡ ಎಕ್ಸ್‌ರೇ

ಶಕುನ, ಮುನ್ಸೂಚನೆ ಅಂದರೆ ನನಗೆ ನಗು ಬರುತ್ತಿತ್ತು. ಕಂಪ್ಯೂಟರ್ ವಿಚಿತ್ರವಾಗಿ ಆಡಿತು ಎಂದು ಯಾರಾದರೂ ಹೇಳಿದರೆ, ಎಲ್ಲೋ ಯಾರೋ ತಪ್ಪು ಬರೆದಿದ್ದಾರೆ, ಹುಡುಕಿ ಅನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದಕ್ಕೆ ಆ ಮಾತು ಸಾಕಾಗುತ್ತಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ.

ಅಲ್ಲಿನ ಒಂದು ಸಣ್ಣ ಎಕ್ಸ್‌ರೇ ಲ್ಯಾಬಿನ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಕ್ಸ್‌ರೇ ಯಂತ್ರ ಹಳೆಯದು. ಅದು ಕೆಲಸ ಮಾಡುವುದು ಅಷ್ಟೇ ಹಳೆಯ ಲಿನಕ್ಸ್ ಕರ್ನಲ್ ಜೊತೆಗೆ ಮಾತ್ರ. ಕರ್ನಲ್ ಅಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ. ಅದರಲ್ಲೊಂದು ದೋಷವಿತ್ತು. ಚಿತ್ರ ಉಳಿಸುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ ಫೈಲಿಗೆ ಹೊಸ ಹೆಸರು ಬೀಳುತ್ತಿತ್ತು, ಒಳಗೆ ಮಾತ್ರ ಡಿಸ್ಕಿನಿಂದ ಹಿಂದೆಂದೋ ಅಳಿಸಿದ ಬೇರೆಯವರ ಚಿತ್ರ ಕೂತಿರುತ್ತಿತ್ತು. ಒಬ್ಬರ ಹೆಸರಲ್ಲಿ ಇನ್ನೊಬ್ಬರ ಎದೆ. ಹೊಸ ಕರ್ನಲ್‌ಗಳಲ್ಲಿ ಇದನ್ನು ಸರಿಪಡಿಸಿದ್ದರು. ಆ ತಿದ್ದುಪಡಿಯನ್ನು ಹಳೆಯದಕ್ಕೆ ಹೊಂದಿಸಿ ಕೂರಿಸುವುದು ನನ್ನ ಕೆಲಸ. ದೊಡ್ಡವರ ಅಂಗಿಯ ಹೊಲಿಗೆ ಬಿಚ್ಚಿ ಮಗುವಿನ ಅಳತೆಗೆ ಹೊಲಿದ ಹಾಗೆ.

ತಿದ್ದುವ ಮೊದಲು ದೋಷವನ್ನು ಕಣ್ಣಾರೆ ನೋಡಬೇಕು. ಎಸ್.ಪಿ. ರಸ್ತೆಯಿಂದ ಹೊಸ ಡಿಸ್ಕ್ ತಂದು, ಪೂರ್ತಿ ಸೊನ್ನೆ ತುಂಬಿಸಿ, ಲ್ಯಾಬಿನ ಯಾವುದಕ್ಕೂ ಜೋಡಿಸದ ಬೇರೊಂದು ಕಂಪ್ಯೂಟರಿಗೆ ಹಾಕಿದೆ. ಅದು ಬರೀ ಬಿಳಿಯ ಚಿತ್ರಗಳನ್ನು ಉಳಿಸುತ್ತಾ ಹೋಗುತ್ತಿತ್ತು. ನಡುವೆ ಪ್ಲಗ್ ಕೀಳುವುದು, ಮತ್ತೆ ಚಾಲೂ ಮಾಡಿ ನೋಡುವುದು. ದೋಷ ತೋರಿದಲ್ಲಿ ಡಿಸ್ಕಿನ ಬರೀ ಸೊನ್ನೆಗಳೇ ಸಿಕ್ಕಿ ಚಿತ್ರ ಕಪ್ಪಾಗಿ ಬರಬೇಕು. ಹಾಗೇ ಬರುತ್ತಿತ್ತು.

ಒಮ್ಮೆ ಮಾತ್ರ ಎದೆಯ ಎಕ್ಸ್‌ರೇ ಬಂತು. ಎಕ್ಸ್‌ರೇ ತೆಗೆಯುವ ಸುಮತಿಯವರು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು. ಬಗ್ಗಿ ನೋಡಿ, "ಯಾರ್ದು ಸಾರ್ ಇದು? ಎಡಗಡೆ ಸಣ್ಣ ಗಂಟಿದೆ ನೋಡಿ. ಡಾಕ್ಟ್ರು ನೋಡಿದಾರಾ?" ಎಂದರು.

ನಾನು ನೋಡುತ್ತಿದ್ದದ್ದು ಗಂಟನ್ನಲ್ಲ, ಕಾಲರ್ ಬೋನನ್ನು. ಅಮ್ಮ ಗಾಂಧಿಬಜಾರಿನಲ್ಲಿ ಬಿದ್ದು ಅದನ್ನು ಮುರಿದುಕೊಂಡಾಗ, ಆಸ್ಪತ್ರೆ ಬೇಡವೆಂದು ಹಟ ಹಿಡಿದು ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿಕೊಂಡಿದ್ದಳು. ಮೂಳೆಯ ತುಂಡುಗಳು ಒಂದರ ಮೇಲೊಂದು ಏರಿ, ಈ ಚಿತ್ರದಲ್ಲಿದ್ದ ಹಾಗೆಯೇ ಕೂಡಿಕೊಂಡವು. ನೋವಿನೆಣ್ಣೆ ಹಚ್ಚುವಾಗ ಆ ಉಬ್ಬನ್ನು ಎಷ್ಟೋ ಸಲ ಸವರಿದ್ದೇನೆ. ಅಮ್ಮ ಜನ್ಮದಲ್ಲಿ ಎಕ್ಸ್‌ರೇ ತೆಗೆಸಿಕೊಂಡವಳೇ ಅಲ್ಲ.

ನನಗೆ ಭಯವಾಯಿತು. ಚಿತ್ರವನ್ನು ಬೇರೆ ಕಡೆ ಉಳಿಸಿಕೊಳ್ಳುವ ಬದಲು, ಅಭ್ಯಾಸಬಲದಿಂದ ಮುಂದಿನ ಸುತ್ತಿನ ಕೀ ಒತ್ತಿಬಿಟ್ಟೆ. ಪ್ರತಿ ಸುತ್ತಿಗೂ ಮೊದಲು ಡಿಸ್ಕ್ ಪೂರ್ತಿ ಅಳಿಸಿಹೋಗುವಂತೆ ನಾನೇ ಬರೆದಿದ್ದೆ.

ಮಾರನೆಯ ದಿನ ಅಮ್ಮನನ್ನು ಲ್ಯಾಬಿಗೆ ಕರೆತಂದೆ. ಕೆಮ್ಮಿಲ್ಲ, ಜ್ವರವಿಲ್ಲ. "ನಂಗೇನಾಗಿದೆಯೋ, ಚೆನ್ನಾಗೇ ಇದೀನಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದಳು. ಚಿತ್ರ ತೆರೆದುಕೊಂಡಾಗ ಸುಮತಿಯವರು ಎಡಗಡೆಯ ಗಂಟಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು, "ಇದನ್ನ ನಿನ್ನೇನೇ ನೋಡಿದ್ವಲ್ಲ ಸಾರ್" ಎಂದರು.

ಬೇಗ ಗೊತ್ತಾದ್ದರಿಂದ ಆಪರೇಷನ್ನಿನಲ್ಲಿ ಗಂಟು ಪೂರ್ತಿ ತೆಗೆದರು. ಅಮ್ಮ ಈಗ ಆರಾಮಾಗಿದ್ದಾಳೆ. ಅಳಿಸಿದ ಚಿತ್ರ ಎಲ್ಲಿಂದಲೋ ತಲೆ ಎತ್ತಿತು ಎಂದರೆ ಒಪ್ಪಬಹುದು, ದೋಷವೇ ಅಂಥದ್ದು. ಇನ್ನೂ ತೆಗೆದೇ ಇಲ್ಲದ ಚಿತ್ರ ಬಂದದ್ದು ಎಲ್ಲಿಂದ? ತಿದ್ದುಪಡಿಯಿಲ್ಲದ ಆ ಕಂಪ್ಯೂಟರಿನಲ್ಲೇ ಮತ್ತೆ ಮತ್ತೆ ಪ್ಲಗ್ ಕಿತ್ತು ನೋಡಿದೆ. ಬರೀ ಕಪ್ಪು.

ಕೊನೆಗೆ ತಿದ್ದುಪಡಿ ಸಿದ್ಧವಾಯಿತು. ಅದನ್ನು ಲ್ಯಾಬಿನ ಕಂಪ್ಯೂಟರಿಗೆ ಹಾಕುವ ದಿನ ಸುಮತಿಯವರು ಬಂದು ನಿಂತರು. "ಅದನ್ನ ಸರಿ ಮಾಡ್ಲೇಬೇಕಾ ಸಾರ್? ಇನ್ನೊಬ್ರ ಅಮ್ಮಂದೂ ಕಾಣಿಸ್ತಿತ್ತೇನೋ."

ಒಬ್ಬರ ಚಿತ್ರ ಇನ್ನೊಬ್ಬರ ಹೆಸರಿಗೆ ಹೋದರೆ ಜೀವಕ್ಕೇ ಅಪಾಯ ಎಂದೆ. ಅದು ನಿಜ. ಹಾಕಿದೆ. ಅಂದಿನಿಂದ ಅಲ್ಲಿ ಒಂದು ಚಿತ್ರವೂ ಅದಲುಬದಲಾಗಿಲ್ಲ.

ಆಕೆ ಮತ್ತೆ ಆ ಮಾತು ಎತ್ತಿಲ್ಲ. ಆದರೆ ರೋಗ ಕೈಮೀರಿದ ಮೇಲೆ ಬಂದವರ ಎಕ್ಸ್‌ರೇ ತೆರೆದುಕೊಂಡಾಗ, ನಾನು ಅಲ್ಲಿದ್ದರೆ, ಒಮ್ಮೆ ನನ್ನ ಕಡೆ ನೋಡುತ್ತಾರೆ. ನಾನು ತಲೆ ಎತ್ತುವುದಿಲ್ಲ.