ನನಗೇ ಅಂತ ಎತ್ತಿಟ್ಟ ಟೈರು

ಗೆಳೆಯರೇ, ಹೊಸ ಟೈರು ಹೊಸದಾಗಿರಬೇಕು ಎಂದು ಬಯಸುವುದು ಅಷ್ಟು ದೊಡ್ಡ ದುರಾಸೆಯೇ?

ನನ್ನದು ಪುಟ್ಟ ಕಾರು, ಆದರೆ ಎಂಜಿನ್ ಬಲು ಜೋರು; ಹಾಗಾಗಿ ಟೈರಿನ ಸೈಜೂ ಅಪರೂಪದ್ದು. ದಿನವೂ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲೇ ಓಡಾಟ. ಟೈರು ಸವೆದಿದ್ದರಿಂದ ಇವತ್ತು ದುರ್ಗದ ಒಂದು ಅಂಗಡಿಗೆ ಹೋದೆ. ಮಾಲೀಕರು ಒಳಗಿನಿಂದ ಟೈರು ಉರುಳಿಸಿ ತಂದರು. ಕಪ್ಪು ಪಾಲಿಶ್ ಎಷ್ಟು ಬಳಿದಿದ್ದರೆಂದರೆ, ಮುಟ್ಟಿದ ನನ್ನ ಬೆರಳೂ ಮಿಂಚಿತು. ಪಾಲಿಶ್ ಒರೆಸಿ, ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ್ದ ತಯಾರಿಕೆಯ ವರ್ಷ ಓದಿದೆ. ಐದು ವರ್ಷ ಹಳೆಯದು!

"ಏನ್ರೀ ಇದು?" ಎಂದೆ.

"ಈ ಸೈಜು ಇಲ್ಲಿ ಯಾರ್ ಕೇಳ್ತಾರೆ ಮೇಡಂ? ನಿಮಗೇ ಅಂತ ಎತ್ತಿಟ್ಟಿದ್ದೆ."

ನಾನು ಡ್ರೈವಿಂಗ್ ಕಲಿಯುವ ಮೊದಲೇ ನನಗಾಗಿ ಟೈರು ಎತ್ತಿಟ್ಟ ಪುಣ್ಯಾತ್ಮ!

"ಹೆದ್ದಾರೀಲಿ ಐಮಂಗಲದ ಹತ್ರ ನೂರರ ಸ್ಪೀಡಲ್ಲಿ ಇದು ಸಿಡಿದ್ರೆ?"

"ಬಳಸ್ದೇ ಇದ್ರೆ ರಬ್ಬರು ಕೆಡಲ್ಲ. ಭಯ ಆದ್ರೆ ನಿಧಾನಕ್ಕೆ ಹೋಗ್ರಿ. ಹೆಣ್ಮಕ್ಳಿಗೆ ಅಷ್ಟು ಸ್ಪೀಡ್ ಯಾಕೆ?"

ಮೈಯೆಲ್ಲ ಉರಿದುಹೋಯಿತು. ಬೇಡವೇ ಬೇಡ ಎಂದು ಕಾರು ಹತ್ತಿದೆ. ಮಾಲೀಕರು ಹಿಂದೆಯೇ ಓಡಿ ಬಂದರು, ಬೊಗಸೆಯಲ್ಲಿ ನಿಂಬೆಹಣ್ಣು.

"ಹಾಕಿಸ್ಕಳ್ರಿ ಮೇಡಂ! ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ರೆ ಏನೂ ಆಗಲ್ಲ. ಬೆಳಿಗ್ಗೆ ಗಿಡದಿಂದ ಕಿತ್ತಿದ್ದು, ಒತ್ತಿ ನೋಡ್ರಿ, ಎಷ್ಟು ಫ್ರೆಶ್ ಐತೆ!"

ಒತ್ತಿ ನೋಡಿದೆ. ನಿಜ. ಆ ಅಂಗಡಿಯಲ್ಲಿ ಈ ವರ್ಷದ್ದು ಎಂದು ಇದ್ದದ್ದು ಅದೊಂದೇ.